ಚೀಟಿ ಉದುರಿದ ಸ್ಪಂಜು

ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಒಂದು ಸ್ಪಂಜಿತ್ತು. ಅದರ ಬಾಟಲಿಯ ಹೆಸರಿನ ಚೀಟಿ ಎಂದೋ ಉದುರಿಹೋಗಿತ್ತು. "ಇವತ್ತಿನ ಪರೀಕ್ಷೆಗೆ ಇಡಿ. ಮಕ್ಕಳು ಗುರುತು ಹಿಡಿದರೆ ಇರಲಿ, ಇಲ್ಲದಿದ್ದರೆ ಎಸೆದುಬಿಡಿ" ಎಂದು ಮೇಡಂ ಹೇಳಿದ್ದು ಕೇಳಿ ಸ್ಪಂಜಿನ ಜೀವ ಬಾಯಿಗೆ ಬಂತು. ಮೈಯೆಲ್ಲ ಬಾಯಿಯೇ ಆದ್ದರಿಂದ ಯಾವ ಬಾಯಿಗೆ ಬಂತೆಂದು ಅದಕ್ಕೇ ತಿಳಿಯಲಿಲ್ಲ.

ಪಕ್ಕದ ಬಾಟಲಿಯಲ್ಲಿದ್ದ, ಹೂವಿನಂತೆ ಕಾಣುವ ಕಡಲಪ್ರಾಣಿ ಸೀ ಅನಿಮೋನ್ ಕಿಸಕ್ಕನೆ ನಕ್ಕಿತು. "ಏನಪ್ಪಾ ತೂತಣ್ಣ, ನನ್ನ ಚೀಟಿ ನೋಡು, ಎಷ್ಟು ದಪ್ಪ ಅಕ್ಷರ! ನಿನ್ನನ್ನು ಯಾರು ಗುರುತಿಸ್ತಾರೆ?"

"ಏನು ಮಾಡಲಿ ಅಕ್ಕಾ, ತೂತು ಬಿಟ್ಟರೆ ನನ್ನ ಹತ್ತಿರ ಬೇರೇನಿದೆ?" ಎಂದಿತು ಸ್ಪಂಜು.

ಅಷ್ಟರಲ್ಲಿ ಮೇಡಂ ಬಂದು, ಪರೀಕ್ಷೆಯ ಪದ್ಧತಿಯಂತೆ ಎಲ್ಲ ಚೀಟಿಗಳ ಮೇಲೂ ಬಿಳಿ ಕಾಗದ ಅಂಟಿಸಿದರು. ಅನಿಮೋನ್ ಬೆಪ್ಪಾಯಿತು.

ಪರೀಕ್ಷೆಗೆ ಮೊದಲು ಬಂದ ವಿದ್ಯಾರ್ಥಿನಿ ಶಕೀಲಾ. ಅನಿಮೋನನ್ನು ಬಗ್ಗಿ ನೋಡಿ, "ಇದ್ಯಾವ ಸೇವಂತಿಗೆಯಪ್ಪಾ!" ಎಂದು ತಲೆ ಕೆರೆದುಕೊಂಡಳು. ಸ್ಪಂಜಿನ ಮುಂದೆ ನಿಂತವಳೇ ಮುಖ ಅರಳಿಸಿದಳು. "ಮೈತುಂಬ ತೂತು! ಸ್ಪಂಜಲ್ಲದೆ ಇನ್ಯಾರು?"

ಸಂಜೆ ಮೇಡಂ ಸ್ಪಂಜಿನ ಬಾಟಲಿಗೆ ಹೊಸ ಚೀಟಿ ಹಚ್ಚಿದರು. ಸ್ಪಂಜು ನಿಟ್ಟುಸಿರು ಬಿಟ್ಟಿತು, ಅದೂ ಅಷ್ಟೂ ತೂತುಗಳಿಂದ ಒಟ್ಟಿಗೇ. ಆಮೇಲೆ ಪಕ್ಕಕ್ಕೆ ತಿರುಗಿ ಹೇಳಿತು: "ಅಕ್ಕಾ, ನಿನ್ನ ಚೀಟಿ ಜೋಪಾನ!"