ಕಸೂತಿಯವಳ ಒಂದು ಸಾಲು

ಮಠದ ಶಾಲೆಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ಶಿಷ್ಯನೊಬ್ಬ ಗುರುಗಳ ಬಳಿಗೆ ಬಂದು ಕೇಳಿದ:

"ಗುರುಗಳೇ, ಒಬ್ಬ ವಿದ್ಯಾರ್ಥಿನಿ ಎರಡು ದಿನದಿಂದ ಒಂದು ಪಾಠಕ್ಕಾಗಿ ಒದ್ದಾಡುತ್ತಿದ್ದಳು. ಇಂದು ನಾನೇ ಕುಳಿತು ಮಾಡಿಕೊಟ್ಟೆ. ಧನ್ಯವಾದ ಹೇಳಿದಳು. ಆದರೆ ಅವಳ ಮುಖ ಅರಳಲಿಲ್ಲ. ನಾನು ಮಾಡಿದ ಉಪಕಾರದಲ್ಲಿ ಏನು ಕೊರತೆಯಾಯಿತು?"

ಗುರುಗಳು ಹೇಳಿದರು:

ಒಂದು ಊರಿನಲ್ಲಿ ಕಸೂತಿ ಕೆಲಸದ ಹೆಂಗಸೊಬ್ಬಳಿದ್ದಳು. ಇಪ್ಪತ್ತು ವರ್ಷ ಸೂಜಿ ಹಿಡಿದವಳು. ಅವಳು ದುಡಿಯುತ್ತಿದ್ದ ಕಡೆಗೆ ಕಸೂತಿ ಯಂತ್ರಗಳು ಬಂದವು. ಜೊತೆಗಾರ್ತಿಯರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಹೋದರು. ಅವಳು ಉಳಿದಳು. ಪೆನ್‌ಡ್ರೈವ್‌ನಲ್ಲಿ ಬಂದ ಡಿಸೈನನ್ನು ಯಂತ್ರಕ್ಕೆ ಕೊಡುವುದು, ಅದು ಹೊಲಿಯುವುದನ್ನು ನೋಡುತ್ತಾ ನಿಲ್ಲುವುದು, ಇಷ್ಟೇ ಅವಳ ಕೆಲಸವಾಯಿತು. ಆ ಡಿಸೈನುಗಳನ್ನು ತಾನೇ ಮಾಡಬೇಕೆಂದು ಅವಳಿಗೆ ಆಸೆಯಾಯಿತು. ಅದಕ್ಕೆ ಕೋಡ್ ಬರೆಯಲು ಕಲಿಯಬೇಕೆಂದು ಯಾರೋ ಹೇಳಿದರು. ಊರಿನ ಸಂಜೆ ತರಗತಿಗೆ ಸೇರಿದಳು.

ಅಲ್ಲಿ ಜಾಗ ಕಡಿಮೆ, ಕಾಯುವವರು ಹೆಚ್ಚು. ಶನಿವಾರದೊಳಗೆ ಮೊದಲ ಪಾಠ ಮಾಡಿ ತೋರಿಸದವರು ಜಾಗ ಬಿಟ್ಟುಕೊಡಬೇಕಿತ್ತು. ಪಾಠ ದೊಡ್ಡದೇನಲ್ಲ. ಒಂದೇ ಒಂದು ಸಾಲು ಬರೆದು ರನ್ ಮಾಡಬೇಕು, ಬರೆದವರ ಹೆಸರು ಪರದೆಯ ಮೇಲೆ ಬರಬೇಕು. ಕಂಪ್ಯೂಟರುಗಳನ್ನು ಹಲವರು ಬಳಸುತ್ತಿದ್ದುದರಿಂದ ಪಾಠವನ್ನು ಅವರವರ ಪೆನ್‌ಡ್ರೈವ್‌ನಲ್ಲೇ ಇಟ್ಟುಕೊಳ್ಳುವುದು ಅಲ್ಲಿನ ನಿಯಮ. ಅವಳೂ ಒಂದು ತಂದಿದ್ದಳು.

ಅವಳು ಸಾಲು ಬರೆದು ರನ್ ಮಾಡಿದಳು. ಕಂಪ್ಯೂಟರ್ ಹ್ಯಾಂಗ್ ಆಯಿತು. ಮೌಸ್ ಅಲ್ಲಾಡಿಸಿದರೂ ಪರದೆ ಅಲುಗಲಿಲ್ಲ. ಆರಿಸಿ ಮತ್ತೆ ಚಾಲೂ ಮಾಡಿದಳು. ಮತ್ತೆ ಹಾಗೆಯೇ ನಿಂತಿತು. ಪಕ್ಕದವರ ಹೆಸರುಗಳು ಆಗಲೇ ಅವರವರ ಪರದೆಯ ಮೇಲಿದ್ದವು.

ಮರುದಿನ ಬೇರೆ ಕಂಪ್ಯೂಟರಿನ ಮುಂದೆ ಕುಳಿತಳು. ಅದೂ ನಿಂತಿತು. ಅದರ ಮರುದಿನ ಮತ್ತೊಂದು. ಹೆಸರು ತೆಗೆದು ಒಂದೇ ಒಂದು ಅಂಕಿ ಇಟ್ಟು ನೋಡಿದಳು. ತರಗತಿಯಲ್ಲಿ ಕೊಟ್ಟಿದ್ದ ಪುಸ್ತಕದ ಸಾಲನ್ನು ಅಕ್ಷರ ಅಕ್ಷರವಾಗಿ ನೋಡಿ ಬರೆದಳು. ಯಾವುದನ್ನು ಬರೆದರೂ ಕಂಪ್ಯೂಟರ್ ನಿಲ್ಲುತ್ತಿತ್ತು.

ತರಗತಿಯ ಮೇಷ್ಟ್ರು ಒಳ್ಳೆಯ ಮನುಷ್ಯ. ಅವಳ ಕಷ್ಟ ನೋಡಲಾರದೆ ತಮ್ಮ ಕಂಪ್ಯೂಟರಿನಲ್ಲಿ ಆ ಸಾಲನ್ನು ತಾವೇ ಬರೆದರು. ಅವಳ ಹೆಸರು ತಟ್ಟನೆ ಬಂತು. "ಇಷ್ಟೇ ಅಮ್ಮಾ. ನೀವು ಮಾಡಿ ತೋರಿಸಿದಿರಿ ಎಂದೇ ಬರೆದುಕೊಳ್ಳುತ್ತೇನೆ, ಚಿಂತೆ ಬೇಡ," ಎಂದರು.

ಜಾಗ ಉಳಿಯಿತು. ಅವಳ ಧೈರ್ಯ ಉಳಿಯಲಿಲ್ಲ. ಮರುದಿನ ತರಗತಿಗೆ ಬಂದವಳು ಪುಸ್ತಕ ಹಿಂದಿರುಗಿಸಿ ಹೋಗಲೆಂದೇ ಬಂದಳು. ಕೊನೆಯದಾಗಿ ಒಂದು ಸಲ ಸಾಲು ಬರೆದು ರನ್ ಮಾಡಿದಳು. ಅದು ನಿಂತಿತು. ಅವಳು ಎದ್ದಳು.

ಪಕ್ಕದಲ್ಲಿ ಲೇತ್ ಕೆಲಸಗಾರನೊಬ್ಬ ಕುಳಿತಿದ್ದ. ಅವನೂ ಅವಳ ಜೊತೆಗೇ ಕಲಿಯಲು ಸೇರಿದವನು. ಏಕೆ ಎದ್ದಿರಿ ಎಂದು ಕೇಳಿದ.

"ಇನ್ನು ಬರುವುದಿಲ್ಲ," ಎಂದಳು. "ಎಲ್ಲರ ಕೈಗೂ ಬರುವುದು ನನ್ನ ಕೈಗೆ ಬರುತ್ತಿಲ್ಲ."

"ಅಕ್ಕಾ, ಕಂಪ್ಯೂಟರ್ ಬದಲಿಸಿದಿರಿ. ಸಾಲನ್ನೂ ಬದಲಿಸಿದಿರಿ. ಬದಲಿಸದೆ ಉಳಿದದ್ದು ಏನು?"

"ನಾನೇ," ಎಂದಳು.

ಅವನು ಕಂಪ್ಯೂಟರಿಗೆ ಸಿಕ್ಕಿಸಿದ್ದ ಪೆನ್‌ಡ್ರೈವ್ ತೋರಿಸಿ, "ಇದು?" ಎಂದು ಕೇಳಿದ.

ಅದು ಅವಳು ಕೆಲಸದ ಕಡೆಯಿಂದ ತಂದದ್ದು. ವರ್ಷಗಟ್ಟಲೆ ಕಸೂತಿ ಯಂತ್ರಗಳಿಗೆ ಡಿಸೈನ್ ಹೊತ್ತು ತಿರುಗಿತ್ತು. ತೆರೆದರೆ ತೆರೆದುಕೊಳ್ಳುತ್ತಿತ್ತು, ಹಾಗಾಗಿ ಅದರ ಮೇಲೆ ಅವಳಿಗೆ ಅನುಮಾನವೇ ಬಂದಿರಲಿಲ್ಲ.

"ಇದನ್ನು ತೆಗೆದಿಡಿ. ಕಂಪ್ಯೂಟರಿನಲ್ಲೇ ಹೊಸ ಫೈಲ್ ತೆರೆದು ಅದೇ ಸಾಲು ಬರೆಯಿರಿ," ಎಂದ.

ಅವಳು ಕೀಬೋರ್ಡನ್ನು ಅವನ ಕಡೆಗೆ ಸರಿಸಿ, "ನೀವೇ ಬರೆದುಬಿಡಿ," ಎಂದಳು. ಅವನು ಅದನ್ನು ಮುಟ್ಟಲಿಲ್ಲ.

"ನಾನು ಬರೆದರೆ ತೊಡಕು ಎಲ್ಲಿದೆ ಎಂದು ನಿಮಗೆ ಗೊತ್ತಾಗುವುದಿಲ್ಲ ಅಕ್ಕಾ."

ಅವಳು ಮತ್ತೆ ಕುಳಿತು, ಕಂಪ್ಯೂಟರನ್ನು ಚಾಲೂ ಮಾಡಿ ಬರೆದಳು. ಒಂದೇ ಬೆರಳಿನಲ್ಲಿ, ತಡವಾಗಿ. ರನ್ ಮಾಡಿದಳು. ಹೆಸರು ಬಂತು.

ಅವಳಿಗೆ ನಂಬಿಕೆ ಬರಲಿಲ್ಲ. ಅಳಿಸಿ ಇನ್ನೊಮ್ಮೆ ಬರೆದಳು. ಬಂತು. ಪೆನ್‌ಡ್ರೈವ್ ಸಿಕ್ಕಿಸಿ ಅದರಲ್ಲಿದ್ದ ಫೈಲನ್ನು ರನ್ ಮಾಡಿದಳು. ಕಂಪ್ಯೂಟರ್ ನಿಂತಿತು. ಪೆನ್‌ಡ್ರೈವ್ ಒಳಗೊಳಗೇ ಕೆಟ್ಟಿತ್ತು. ರನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದರ ಉತ್ತರಕ್ಕಾಗಿ ಕಾಯುತ್ತಾ ಕೂತುಬಿಡುತ್ತಿತ್ತು. ಅವಳು ಬರೆದ ಸಾಲು ಮೊದಲ ದಿನದಿಂದಲೂ ಸರಿಯಾಗಿಯೇ ಇತ್ತು.

ಅಂದು ಅವಳು ಮತ್ತೆ ಏಳಲಿಲ್ಲ. ಸಾಲಿನ ಕೆಳಗೆ ಸಾಲು ಬರೆಯುತ್ತಾ ಹೋದಳು. ತಾಯಿಯ ಹೆಸರು ಬರೆದಳು. ಕೆಲಸ ಬಿಟ್ಟು ಹೋದ ಜೊತೆಗಾರ್ತಿಯರ ಹೆಸರುಗಳನ್ನೂ ಬರೆದಳು. ಎಲ್ಲವೂ ಬಂದವು. ಶನಿವಾರ ಮೇಷ್ಟ್ರು ಬೇಡವೆಂದರೂ ಅವರನ್ನು ಕೂರಿಸಿಕೊಂಡು ಪಾಠವನ್ನು ಮೊದಲಿನಿಂದ ಮಾಡಿ ತೋರಿಸಿದಳು. ಅವರಿಗೂ ಸಂತೋಷವಾಯಿತು.

ಎರಡು ವರ್ಷವಾದ ಮೇಲೆ ಅವಳ ಸ್ವಂತ ಡಿಸೈನನ್ನು ಯಂತ್ರ ಹೊಲಿಯಿತು. ಮೊದಲ ಎರಡು ಶಾಲುಗಳನ್ನು ಅವಳು ಯಾರಿಗೂ ಮಾರಲಿಲ್ಲ. ಒಂದನ್ನು ಮೇಷ್ಟ್ರಿಗೆ ಹೊದಿಸಿದಳು. ಇನ್ನೊಂದನ್ನು ಹುಡುಕಿಕೊಂಡು ಹೋಗಿ ಲೇತ್ ಕೆಲಸಗಾರನಿಗೆ ಹೊದಿಸಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಯೋಚಿಸಿ ಕೇಳಿದ: "ಇಬ್ಬರಿಗೂ ಒಂದೇ ರೀತಿಯ ಶಾಲು ಕೊಟ್ಟಳು. ಹಾಗಾದರೆ ಇಬ್ಬರ ಉಪಕಾರವೂ ಒಂದೇ ಆಯಿತಲ್ಲವೇ?"

ಗುರುಗಳು ಹೇಳಿದರು: "ಮೇಷ್ಟ್ರು ಬರೆದುಕೊಟ್ಟ ದಿನ ಅವಳು ತಲೆ ತಗ್ಗಿಸಿ ಕೈಮುಗಿದಿದ್ದಳು, ಲೇತ್ ಕೆಲಸಗಾರ ಅವಳಿಂದಲೇ ಬರೆಸಿದ ದಿನ ತಲೆ ಎತ್ತಿ ಕೈಮುಗಿದಳು."