ತಡೆದು ಬಂದ ಹೆಸರು

“ಗುರುಗಳೇ, ಉಗ್ಗು ಗೊತ್ತಾಗದ ಹಾಗೆ ಮಾತನಾಡುವುದು ಹೇಗೆ?”

ಇಷ್ಟು ಕೇಳಿ ಮುಗಿಸುವಷ್ಟರಲ್ಲಿ ಗುರುಶಾಂತನ ಹಣೆ ಬೆವೆತಿತ್ತು. ಮರುದಿನ ಪಟ್ಟಣದ ಪಾಠಶಾಲೆಯಲ್ಲಿ ಉಪಾಧ್ಯಾಯರ ಕೆಲಸಕ್ಕೆ ಸಂದರ್ಶನವಿತ್ತು. ಹಿಂದೆ ಹೋದಲ್ಲೆಲ್ಲ ಅವನಿಗೆ ಉತ್ತರ ಗೊತ್ತಿತ್ತು. ಅದು ಬಾಯಿಗೆ ಬರುವ ಮೊದಲೇ ಕೇಳಿದವರು ಮುಂದಿನವರನ್ನು ಕರೆಯುತ್ತಿದ್ದರು. ಈ ಸಲ ಸಲೀಸಾಗಿ ಬರುವ ಮಾತುಗಳನ್ನಷ್ಟೇ ಆಡಿ ಎದ್ದು ಬರಬೇಕೆಂದು ಅವನು ಯೋಚಿಸಿದ್ದ.

ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು.

ಒಬ್ಬ ತರುಣ ಒಬ್ಬ ವರ್ತಕನ ಬಳಿಗೆ ಕೆಲಸ ಕೇಳಿಕೊಂಡು ಹೋದ. ಅವನ ಹೆಸರು ಕರಿಸಿದ್ಧ. ವರ್ತಕ ಮೊದಲು ಹೆಸರನ್ನೇ ಕೇಳಿದ. ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ತರುಣ ಕಣ್ಣು ಮುಚ್ಚಿ, “ಈರಣ್ಣ” ಎಂದುಬಿಟ್ಟ. ಆ ಹೆಸರು ತಡೆಯಿಲ್ಲದೆ ಬಂತು.

ಕೆಲಸ ಸಿಕ್ಕಿತು. ಎಲ್ಲರೂ ಅವನನ್ನು ಈರಣ್ಣ ಎಂದೇ ಕರೆದರು. ಅವನೂ ಓಗೊಟ್ಟ. ಆದರೆ ಬಾಯಿ ತೆರೆದಾಗಲೆಲ್ಲ ಗುಟ್ಟು ಎಲ್ಲಿ ಹೊರಬೀಳುವುದೋ ಎಂಬ ಅಂಜಿಕೆ. ಬರಬರುತ್ತಾ ಅವನು ಮಾತನ್ನೇ ಕಡಿಮೆ ಮಾಡಿದ.

ಒಂದು ದಿನ ಅವನ ತಾಯಿ ಮಗನನ್ನು ನೋಡಲು ಬಂದಳು. ಬಾಗಿಲಲ್ಲಿದ್ದವನು, “ಕರಿಸಿದ್ಧ ಅಂತ ಇಲ್ಲಿ ಯಾರೂ ಇಲ್ಲಮ್ಮ” ಎಂದ. ಒಳಗಿದ್ದ ಮಗನಿಗೆ ಅದು ಕೇಳಿಸಿತು. ಅವನು ಹೊರಗೆ ಬರುವಷ್ಟರಲ್ಲಿ ಅವಳು ಬೀದಿಯ ಕೊನೆ ಮುಟ್ಟಿದ್ದಳು. ಓಡಿ ಹೋಗಿ ಹಿಡಿದ.

“ನೀನು ಇಲ್ಲಿ ಇಲ್ಲವೇ ಇಲ್ಲ ಅಂದರಲ್ಲೋ, ಮಗನೇ!” ಎಂದು ಅವಳು ಅತ್ತಳು.

ಅವನು ತಾಯಿಯ ಕೈ ಹಿಡಿದು ನೇರವಾಗಿ ವರ್ತಕನ ಎದುರಿಗೆ ಬಂದು ನಿಂತ. “ಯಜಮಾನರೇ, ನನಗೆ ಮಾತು ತಡೆಯುತ್ತದೆ. ಸ್ವಲ್ಪ ಕಾಯಬೇಕು. ನನ್ನ ಹೆಸರು ಈರಣ್ಣ ಅಲ್ಲ, ಕ... ಕ...”

ಮಾತು ನಿಂತುಹೋಯಿತು. ತಾಯಿಯ ತುಟಿ ಅಲುಗಿತು. ಆದರೂ ಅವಳು ಅವನ ಬದಲು ಹೇಳಲಿಲ್ಲ. ವರ್ತಕ ಕೈಯಲ್ಲಿದ್ದ ಕೆಲಸ ಬಿಟ್ಟು ಅವನ ಮುಖ ನೋಡುತ್ತಾ ಕುಳಿತ. ಬಹಳ ಹೊತ್ತಿನ ಮೇಲೆ ಹೆಸರು ಹೊರಗೆ ಬಂತು.

“ಅವತ್ತೂ ನಾನು ಕಾಯುತ್ತಿದ್ದೆನಲ್ಲಪ್ಪಾ, ಕರಿಸಿದ್ಧ” ಎಂದ ವರ್ತಕ. “ಮೊದಲು ನಿನ್ನ ತಾಯಿಯನ್ನು ಒಳಗೆ ಕೂರಿಸು.”

ಗುರುಗಳು ಕತೆ ನಿಲ್ಲಿಸಿದರು. ಗುರುಶಾಂತನಿಗೆ ಸಮಾಧಾನವಾಗಲಿಲ್ಲ. ತಾನು ಕಂಡ ಮುಖಗಳೆಲ್ಲ ಅವನ ನೆನಪಿಗೆ ಬಂದವು.

“ಎ... ಎಲ್ಲರೂ ಕಾ... ಕಾಯುವುದಿಲ್ಲವಲ್ಲ, ಗುರುಗಳೇ?”

ಅವನು ಮುಗಿಸುವವರೆಗೆ ಸುಮ್ಮನಿದ್ದು ಗುರುಗಳು ಕೇಳಿದರು: “ಕಾಯದವನ ಬಳಿ ನೀನು ದಿನವೂ ಯಾರಾಗಿ ಬದುಕುತ್ತೀಯೆ, ಮಗು?”