ಕೆಂಚಿಯ ಏರುಮಡಿ

ಹೊಳೆಯಿಂದ ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಕೆರೆ. ಅದರ ದಂಡೆಯ ಲಂಟಾನದ ಪೊದೆಯಲ್ಲಿ ಕೆಂಚಿ ಎಂಬ ಮೊಲ ಒಬ್ಬಳೇ ವಾಸವಾಗಿದ್ದಳು. ಪಕ್ಕದ ಬಿಲದಲ್ಲಿ ಗುದ್ದಪ್ಪ ಎಂಬ ಮುದಿ ಹೆಗ್ಗಣ. ಮಕ್ಕಳೇ, ಕೆಂಚಿ ಆ ಕೆರೆಗೆ ಬಂದದ್ದು ಇಷ್ಟಪಟ್ಟಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅವಳು ಹುಟ್ಟಿ ಬೆಳೆದದ್ದು ಹೊಳೆಯ ದಡದಲ್ಲಿ. ಅಲ್ಲಿ ಬರೀ ಮರಳು ನೆಲ. ಅಮ್ಮ ಮನೆಯ ಮುಂದೆ ನಾಲ್ಕು ಪಾತಿ ಮಾಡಿ ಮೂಲಂಗಿ, ಮೆಂತ್ಯ, ಹರಿವೆ, ಅಲಸಂದೆ ಬೆಳೆಯುತ್ತಿದ್ದಳು. ಪಾತಿಗಳು ನೆಲಕ್ಕಿಂತ ಒಂದು ಗೇಣು ತಗ್ಗು. ಸುತ್ತಲೂ ತಟ್ಟೆಯ ಅಂಚಿನಂತೆ ಮಣ್ಣಿನ ಬದು. ಅಮ್ಮ ತೀರಿಕೊಂಡ ಮೇಲೂ ಕೆಂಚಿ ಮತ್ತು ಅವಳ ತಂಗಿ ಬೊಟ್ಟಿ ಆ ತೋಟವನ್ನು ಹಾಗೆಯೇ ನೋಡಿಕೊಂಡಿದ್ದರು. ಬೊಟ್ಟಿಯ ಹಣೆಯ ಮೇಲೆ ಒಂದು ಬಿಳಿ ಚುಕ್ಕೆ. ಎಳೆ ಮೂಲಂಗಿ ಕಿತ್ತರೆ ಮಣ್ಣನ್ನೂ ಕೊಡವದೆ ತಿಂದುಬಿಡುತ್ತಿದ್ದಳು.

ಒಂದು ಮುಂಜಾನೆ ಹೊಳೆ ಉಕ್ಕಿತು. ಅಕ್ಕತಂಗಿಯರು ದಿಕ್ಕೆಟ್ಟು ಓಡಿದರು. ಕೆಂಚಿ ಬೀಜ ತುಂಬಿದ ಸೋರೆ ಬುರುಡೆಯನ್ನು ಕಚ್ಚಿಕೊಂಡು ಓಡಿದಳು. ತಿರುಗಿ ನೋಡಿದಾಗ ಬೊಟ್ಟಿ ದೂರದಲ್ಲಿ ಬೇರೆ ಕಡೆಗೆ ಹೋಗುತ್ತಿದ್ದಳು. ಕೂಗಬೇಕು, ಆದರೆ ಬಾಯಲ್ಲಿ ಬುರುಡೆ. ಅದನ್ನು ಬಿಡಬೇಕೋ ಬೇಡವೋ ಎಂದು ಯೋಚಿಸುವಷ್ಟರಲ್ಲಿ ಇಬ್ಬರ ನಡುವೆ ನೀರು ಬಂದಿತ್ತು.

ಅಷ್ಟೇ. ಆಮೇಲೆ ತಂಗಿ ಕಾಣಲಿಲ್ಲ.

ಕೆರೆಯ ದಂಡೆಗೆ ಬಂದ ಮಾರನೆಯ ದಿನವೇ ಕೆಂಚಿ ನೆಲ ಅಗೆಯತೊಡಗಿದಳು. ನಾಲ್ಕು ಪಾತಿ, ಒಂದು ಗೇಣು ತಗ್ಗು, ಸುತ್ತ ಬದು. ಗುದ್ದಪ್ಪ ಬಿಲದಿಂದ ಮೂತಿ ಹೊರಗೆ ಹಾಕಿದ.

"ಏನಮ್ಮಾ ಮಾಡ್ತಿದ್ದೀಯ?"

"ಕೈತೋಟ, ಮಾವ. ನಮ್ಮಮ್ಮನ ತೋಟ ಹೇಗಿತ್ತೋ ಹಾಗೇ."

"ಇದು ಜೇಡಿಮಣ್ಣು ಕಣಮ್ಮ. ಇಲ್ಲಿ ತಗ್ಗು ತೋಡಿದರೆ ನೀರು ನಿಲ್ಲುತ್ತೆ. ಮಣ್ಣು ಏರಿಸಿ ಮಡಿ ಮಾಡು."

"ಆಗಲ್ಲ ಮಾವ. ನನ್ನ ತಂಗಿ ಎಲ್ಲೋ ಇದ್ದಾಳೆ. ಹುಡುಕಿಕೊಂಡು ಈ ದಾರಿಯಲ್ಲಿ ಬಂದೇ ಬರ್ತಾಳೆ. ದೂರದಿಂದ ಈ ನಾಲ್ಕು ಪಾತಿ ಕಂಡರೆ ಸಾಕು, ನಮ್ಮ ಮನೆ ಅಂತ ಗುರುತು ಹಿಡೀತಾಳೆ. ಒಂದು ಬೆರಳು ಹೆಚ್ಚುಕಡಿಮೆ ಆಗಬಾರದು."

ಗುದ್ದಪ್ಪನಿಗೆ ಹೇಳುವುದು ಇನ್ನೂ ಇತ್ತು. ಅವಳ ಮುಖ ನೋಡಿ ಬಿಲದೊಳಗೆ ಹೋದ.

ಬೀಜ ಮೊಳೆತವು. ಹಸಿರು ಸಾಲು ಕಂಡಾಗ ಕೆಂಚಿಗೆ ಊಟವೂ ಬೇಡವಾಯಿತು. ಬದುವಿನ ಮೇಲೆ ಕುಳಿತು ಹೊಳೆಯ ಕಡೆಯ ದಾರಿಯನ್ನೇ ನೋಡುತ್ತಿದ್ದಳು. ಹುಲ್ಲು ಅಲ್ಲಾಡಿದರೆ ಎದ್ದು ನಿಲ್ಲುತ್ತಿದ್ದಳು. ಗಾಳಿ ಎಂದು ತಿಳಿದ ಮೇಲೂ ಸ್ವಲ್ಪ ಹೊತ್ತು ನಿಂತೇ ಇರುತ್ತಿದ್ದಳು.

ಆಮೇಲೆ ಮೂರು ದಿನ ಮಳೆ ಹಿಡಿಯಿತು. ಪಾತಿಗಳು ತುಂಬಿ ನಾಲ್ಕು ಪುಟ್ಟ ಹೊಂಡಗಳಾದವು. ಮಳೆ ನಿಂತರೂ ನೀರು ಇಂಗಲಿಲ್ಲ. ಮೆಂತ್ಯದ ಸಸಿಗಳು ಬುಡ ಕರಗಿ ಮಲಗಿದವು. ಮೂಲಂಗಿ ಕಿತ್ತರೆ ಕೈಗೆ ಬಂದದ್ದು ಬರೀ ಲೋಳೆ.

"ನಾನು ಸರಿಯಾಗಿ ಅಳತೆ ಮಾಡಲಿಲ್ಲ," ಎಂದಳು ಕೆಂಚಿ. "ಅಮ್ಮನ ಬದು ಇನ್ನೂ ಎತ್ತರ ಇತ್ತು."

"ಕೆಂಚವ್ವಾ, ಬದುವಿನ ದೋಷ ಅಲ್ಲ ಅದು..."

"ನೀವು ನಮ್ಮ ತೋಟ ನೋಡಿಲ್ಲ ಮಾವ!"

ಅವಳು ಮತ್ತೆ ಬಿತ್ತಿದಳು. ಬದು ಎತ್ತರಿಸಿ, ಪಾತಿಯನ್ನು ಇನ್ನಷ್ಟು ಆಳ ಮಾಡಿ ಬಿತ್ತಿದಳು. ಮತ್ತೆ ಮಳೆ ಬಂತು. ಈ ಸಲ ಬೀಜಗಳು ಮೊಳೆಯಲೂ ಇಲ್ಲ. ನೀರಿನಲ್ಲಿ ಕಪ್ಪೆಗಳು ಮೊಟ್ಟೆ ಇಟ್ಟವು.

ಕೆಂಚಿ ಬುರುಡೆಯನ್ನು ಅಲ್ಲಾಡಿಸಿದಳು. ತಳದಲ್ಲಿ ಸದ್ದು ಬಂತು, ಒಂದು ಹಿಡಿಯಷ್ಟು. ಅಮ್ಮ ಆರಿಸಿ ಒಣಗಿಸಿ ಇಟ್ಟ ಬೀಜ ಇನ್ನು ಅಷ್ಟೇ. ಅವಳು ಬುರುಡೆಯನ್ನು ಎದೆಗೆ ಅವುಚಿಕೊಂಡು ಅತ್ತಳು. ಗುದ್ದಪ್ಪ ಬಂದು ಪಕ್ಕದಲ್ಲಿ ಕುಳಿತ.

"ಒಂದು ಮಾತು ಕೇಳ್ತೀನಿ, ಕೋಪ ಮಾಡ್ಕೋಬೇಡ," ಎಂದ ಅವಳ ಅಳು ತಗ್ಗಿದಾಗ. "ನಿಮ್ಮಮ್ಮ ಪಾತಿಯನ್ನ ಯಾಕೆ ತಗ್ಗು ಮಾಡ್ತಿದ್ದಳು?"

ಕೆಂಚಿ ಕಣ್ಣು ಒರೆಸಿಕೊಂಡಳು. ಈ ಪ್ರಶ್ನೆಯನ್ನು ಅವಳು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

"ಅಲ್ಲಿ ಮರಳು. ಹುಯ್ದ ನೀರು ಹಾಗೇ ಓಡಿಹೋಗ್ತಿತ್ತು. 'ಹಿಡಿದಿಟ್ಟುಕೊಳ್ಳದಿದ್ದರೆ ಗಿಡಕ್ಕೆ ಏನು ಉಳಿಯುತ್ತೆ' ಅನ್ನೋಳು ಅಮ್ಮ."

"ಮೊದಲಿಂದಲೂ ಹಾಗೇ ಮಾಡ್ತಿದ್ದಳಾ?"

"ಇಲ್ಲ. ಮೊದಲ ವರ್ಷ ಸಪಾಟು ನೆಲದಲ್ಲೇ ಬಿತ್ತಿದ್ದಳಂತೆ. ಎಲ್ಲಾ ಒಣಗಿಹೋಯ್ತಂತೆ. ಆಮೇಲೆ..." ಕೆಂಚಿ ಅಲ್ಲಿಗೇ ನಿಲ್ಲಿಸಿದಳು. ಹೊಂಡವಾಗಿದ್ದ ಪಾತಿಗಳನ್ನು ನೋಡಿದಳು.

"ಅಮ್ಮ ನೆಲ ನೋಡಿ ಮಾಡಿದಳು," ಎಂದಳು ಮೆಲ್ಲಗೆ. "ನಾನು ಅಮ್ಮನ್ನ ನೋಡಿ ಮಾಡಿದೆ."

ಗುದ್ದಪ್ಪ ಪಾತಿಯ ಅಂಚಿನಿಂದ ಒಂದು ಹಿಡಿ ಜೇಡಿಮಣ್ಣು ತೆಗೆದು ಅವಳ ಮುಂದಿಟ್ಟ.

"ಆದರೆ ಮಾವ, ಇಲ್ಲಿ ಮಣ್ಣು ಏರಿಸಿ ದಿಬ್ಬ ಮಾಡಿಬಿಟ್ಟರೆ ಬೊಟ್ಟಿಗೆ ಗುರುತೇ ಸಿಗಲ್ಲ. ಪಕ್ಕದಲ್ಲೇ ಹಾದುಹೋದರೆ?"

"ಗುರುತು ಆಮೇಲಿನ ಮಾತು ತಾಯಿ," ಎಂದ ಮುದಿ ಹೆಗ್ಗಣ. "ಅವಳು ಬರೋದು ಯಾವಾಗಲೋ. ಬಂದ ದಿನ ಈ ಮನೆಯಲ್ಲಿ ತಿನ್ನೋಕೆ ಏನಾದರೂ ಇರಬೇಕಲ್ಲ."

ಮರುದಿನ ಇಬ್ಬರೂ ಕೆಲಸಕ್ಕೆ ಇಳಿದರು. ಮೊದಲು ದಿನವಿಡೀ ಬಿಸಿಲು ಎಲ್ಲಿ ಬೀಳುತ್ತದೆ ಎಂದು ನೋಡಿ ಜಾಗ ಗೊತ್ತುಮಾಡಿದರು. ಅಲ್ಲಿನ ಜೇಡಿಮಣ್ಣನ್ನು ಸಡಿಲಿಸಿ, ಮೇಲೆ ತರಗೆಲೆ, ಒಣ ಸಗಣಿ, ಪುಡಿಮಣ್ಣು ಹೀಗೆ ಪದರ ಪದರವಾಗಿ ಒಂದೂವರೆ ಗೇಣು ಏರಿಸಿದರು. ಮಣ್ಣು ಜರುಗದಂತೆ ಅಂಚಿಗೆ ಕಲ್ಲು ಕೊಟ್ಟರು.

"ಅಗಲ ಜಾಸ್ತಿ ಬೇಡ," ಎಂದ ಗುದ್ದಪ್ಪ. "ಎರಡೂ ಬದಿಯಿಂದ ಕೈ ಚಾಚಿದರೆ ನಡುಮಧ್ಯ ಸಿಗಬೇಕು. ಮಡಿಯ ಮೇಲೆ ಮಾತ್ರ ಕಾಲಿಡಬೇಡ. ತುಳಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಉಸಿರು ಕಟ್ಟುತ್ತೆ."

"ಅಲಸಂದೆ?"

"ಬಡಗಣ ತುದಿಗಿರಲಿ. ಹಂದರ ಹತ್ತಿ ನಿಂತಾಗ ಉಳಿದವುಗಳ ಮೇಲೆ ನೆರಳು ಬೀಳಬಾರದು."

ಒಂದು ಹಿಡಿ ಬೀಜದಲ್ಲಿ ಕೆಂಚಿ ಅರ್ಧವನ್ನು ಮಾತ್ರ ಬಿತ್ತಿದಳು. ನಾಲ್ಕು ಪಾತಿಯ ಬದಲು ಎರಡು ಏರುಮಡಿ. ತವರಿನ ತೋಟದ ಹೋಲಿಕೆ ಎಲ್ಲಿಯೂ ಇರಲಿಲ್ಲ. ಅಂದು ಸಂಜೆ ಅವಳು ದಾರಿಯ ಕಡೆ ನೋಡಲಿಲ್ಲ. ನೋಡಿದರೆ ಎಲ್ಲವನ್ನೂ ಕೆಡವಿಬಿಡುತ್ತೇನೆ ಎಂಬ ಹೆದರಿಕೆ.

ಮಳೆ ಬಂತು. ಮಡಿಯ ಮೇಲೆ ಬಿದ್ದ ನೀರು ಬೇಕಾದಷ್ಟು ಒಳಗಿಳಿದು, ಮಿಕ್ಕಿದ್ದು ನಡುವಿನ ಕಾಲುದಾರಿಯಲ್ಲಿ ಹರಿದು ಕೆರೆ ಸೇರಿತು. ಗಿಡಗಳು ತಲೆ ಎತ್ತಿಕೊಂಡೇ ನಿಂತವು. ಮಳೆಗೆ ಮಡಿ ತುಸು ಕುಸಿದರೆ ಕೆಂಚಿ ಗೊಬ್ಬರ ಸುರಿದು ಸರಿಮಾಡುತ್ತಿದ್ದಳು. ಬಿಸಿಲು ಬಂದರೆ ತರಗೆಲೆ ಹೊದಿಸುತ್ತಿದ್ದಳು. ಕಳೆಯನ್ನು ಎಳೆಯದರಲ್ಲೇ ಕೀಳುತ್ತಿದ್ದಳು. ನಲವತ್ತು ದಿನ ಕಳೆದಾಗ ಮೊದಲ ಮೂಲಂಗಿ ಕಿತ್ತಳು. ಬೆಳ್ಳಗೆ, ನೆಟ್ಟಗೆ ಇತ್ತು. ಗುದ್ದಪ್ಪನಿಗೆ ಅರ್ಧ ಕೊಟ್ಟಳು. ತನ್ನ ಪಾಲನ್ನು ಕಚ್ಚಿದಳು.

"ಹೇಗಿದೆ?" ಎಂದು ಕೇಳಿದ ಗುದ್ದಪ್ಪ.

"ಚೆನ್ನಾಗಿದೆ. ಅಲ್ಲಿಯದು ಇನ್ನೂ ಸ್ವಲ್ಪ ಖಾರ ಇತ್ತು."

ಅದೇ ವಾರ ಒಂದು ಮಧ್ಯಾಹ್ನ ದಾರಿಯ ಹುಲ್ಲು ಅಲ್ಲಾಡಿತು. ಕೆಂಚಿ ದಡಕ್ಕನೆ ಎದ್ದಳು. ಹುಲ್ಲಿನಿಂದ ಹೊರಬಂದದ್ದು ಒಂದು ಬಡಕಲು ತಾಯಿ ಮೊಲ, ಅದರ ಹಿಂದೆ ಎರಡು ಮರಿಗಳು. ತಾಯಿಯ ಹಣೆಯ ಮೇಲೆ ಚುಕ್ಕೆ ಇರಲಿಲ್ಲ.

"ಹೊಳೆ ನಮ್ಮ ಮನೆಯನ್ನ ತಗೊಂಡಿತು ಅಕ್ಕಾ," ಎಂದಳು ಬಂದವಳು. "ದೂರದಿಂದ ಈ ಹಸಿರು ದಿಬ್ಬ ಕಾಣಿಸ್ತು. ಮಕ್ಕಳಿಗೆ ಎರಡು ಎಲೆ ಸಿಗುತ್ತಾ?"

ಕೆಂಚಿ ಅವರ ಹಿಂದಿನ ದಾರಿಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಬಗ್ಗಿ ಮೂಲಂಗಿ ಕಿತ್ತಳು, ಹರಿವೆ ಕಿತ್ತಳು, ಮರಿಗಳ ಮುಂದೆ ರಾಶಿ ಹಾಕಿದಳು. ಅವು ತಿನ್ನುವ ಸದ್ದು ಕೇಳುತ್ತಾ ತಾಯಿಯನ್ನು ವಿಚಾರಿಸಿದಳು. ತಂಗಿಯ ಸುದ್ದಿ ಅವಳಿಗೂ ಗೊತ್ತಿರಲಿಲ್ಲ. ಅವಳು ಸಾಕಷ್ಟು ದೂರ ಬಂದಿದ್ದಳು, ಹೊಳೆಯ ಉದ್ದಕ್ಕೂ ಬಂದಿದ್ದಳು, ಆದರೂ ಕಂಡಿರಲಿಲ್ಲ.

ಎರಡು ದಿನ ಅವರು ಅಲ್ಲೇ ಉಳಿದರು. ಹೊರಡುವಾಗ ಕೆಂಚಿ ಬುರುಡೆಯಲ್ಲಿ ಉಳಿಸಿದ್ದ ಬೀಜದಲ್ಲಿ ನಾಲ್ಕು ಬಗೆಯನ್ನೂ ಒಂದಿಷ್ಟು ಮುತ್ತುಗದ ಎಲೆಯಲ್ಲಿ ಕಟ್ಟಿಕೊಟ್ಟಳು.

"ಹೋಗೋ ಕಡೆ ನೆಲ ಹೇಗಿದೆ?"

"ಗೊತ್ತಿಲ್ಲಕ್ಕ. ನಾನೂ ನಿನ್ನ ಹಾಗೇ ಏರುಮಡಿ ಮಾಡ್ತೀನಿ."

"ಬೇಡ," ಎಂದಳು ಕೆಂಚಿ. "ಮೊದಲು ಒಂದು ಮಳೆ ನೋಡು. ನೀರು ನಿಲ್ಲುತ್ತೋ ಓಡಿಹೋಗುತ್ತೋ ನೋಡು. ಆಮೇಲೆ ಮಾಡು."

ತಾಯಿ ತಲೆಯಾಡಿಸಿ, ಮರಿಗಳನ್ನು ಕರೆದುಕೊಂಡು ಹೊರಟಳು. ಅವರು ಹೋಗಿ ಹುಲ್ಲು ನಿಶ್ಚಲವಾಗುವವರೆಗೂ ಕೆಂಚಿ ನಿಂತಿದ್ದಳು. ಆಮೇಲೆ ಖಾಲಿಯಾದ ಸಾಲಿಗೆ ಗೊಬ್ಬರ ಬೆರೆಸಿ, ಮುಂದಿನ ಮೂಲಂಗಿ ಬಿತ್ತಲು ಕುಳಿತಳು. ಈ ಸಲ ಒಂದು ಸಾಲು ಹೆಚ್ಚು ಹಾಕಿದಳು.

ನೀತಿ: ಕಳೆದುಹೋದ ಮನೆಗಾಗಿ ಹಂಬಲಿಸುವುದು ತಪ್ಪಲ್ಲ, ಆದರೆ ಬೀಜ ಬಿತ್ತುವಾಗ ಕಾಲ ಕೆಳಗಿನ ಮಣ್ಣನ್ನು ಕೇಳಿ ಬಿತ್ತಬೇಕು.